ಎಡಕ್ಕೆ ತಿರುಗಿದ ಕೈ

ಆ ವಾಸನೆ ಮೂಗಿಗೆ ಬಡಿದೊಡನೆ ರುಚಿಯಮ್ಮ ಮತ್ತೆ ಎರಡು ಜಡೆಯ ಹುಡುಗಿಯಾದರು.

ತುಕ್ಕು ಹಿಡಿದ ಕಬ್ಬಿಣ, ಒದ್ದೆ ಮಣ್ಣು, ಜೊತೆಗೆ ಬಹುಕಾಲ ಮುಚ್ಚಿಟ್ಟ ಪೆಟ್ಟಿಗೆ ತೆಗೆದಾಗ ಬರುವಂಥ ಹಳೆಯ ಗಾಳಿ. ಅವರು ಬೆಳೆದ ಮನೆಯಲ್ಲಿ ನಲ್ಲಿ ಇರಲಿಲ್ಲ. ಪಕ್ಕದ ಮನೆಯಲ್ಲಿತ್ತು. ಬೆಳಗಾಗುವಾಗ ಆ ನಲ್ಲಿ ಮೊದಲು ಕೆಮ್ಮುತ್ತಿತ್ತು. ಆಮೇಲೆ ಈ ವಾಸನೆ ಗೋಡೆ ಹಾರಿ ಬರುತ್ತಿತ್ತು. ಅದರ ಬೆನ್ನಿಗೇ ನೀರು ಬೀಳುವ ಸದ್ದು. ಗೋಡೆಯ ಈಚೆ ನಿಂತ ಹುಡುಗಿಗೆ ಹೊಟ್ಟೆಯೊಳಗೆ ಯಾರೋ ಕಡ್ಡಿ ಗೀರಿದಂತಾಗುತ್ತಿತ್ತು.

ಹೊಟ್ಟೆಕಿಚ್ಚಿಗೊಂದು ವಾಸನೆ ಇದ್ದರೆ ಅದು ಇದೇ ಎಂದು ರುಚಿಯಮ್ಮ ಇವತ್ತಿಗೂ ನಂಬಿದ್ದರು. ಪಕ್ಕದ ಮನೆಯಾಕೆ ಕೆಟ್ಟವಳಲ್ಲ. ತನ್ನ ಹಂಡೆ ತುಂಬುವ ಮೊದಲೇ ಒಂದು ಬಿಂದಿಗೆ ತುಂಬಿ ಗೋಡೆಯ ಮೇಲಿಟ್ಟು, ಕೂಗದೆ, ಹೇಳದೆ ಒಳಗೆ ಹೋಗಿಬಿಡುತ್ತಿದ್ದಳು. ಅದರಿಂದ ಬಾಯಾರಿಕೆ ಆರುತ್ತಿತ್ತು, ಕಿಚ್ಚು ಮಾತ್ರ ಇನ್ನೊಂದಿಷ್ಟು ಹೊತ್ತಿಕೊಳ್ಳುತ್ತಿತ್ತು.

"ಏನಮ್ಮಾ, ಮೂಸ್ತಾನೇ ಇರ್ತೀರೋ, ಏನಾದ್ರೂ ಹೇಳ್ತೀರೋ?"

ತಗ್ಗುಬೀದಿಯ ಬಟ್ಟೆ ಒಗೆಯುವ ಅಂಗಡಿಯಾಕೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಇಬ್ಬರ ನಡುವೆ ಮುಚ್ಚಳ ತೆಗೆದ ಒಂದು ಪೀಪಾಯಿ. ಅದರೊಳಗೆ ಇಟ್ಟಿಗೆ ಬಣ್ಣದ ನೀರು.

"ಈ ನೀರು ಯಾವತ್ತಿನದು?"

"ಮೊನ್ನೆ ಬೆಳಗ್ಗೆದು. ನಲ್ಲಿ ತಿರುಗಿಸಿದ್ನೋ ಇಲ್ವೋ, ಕೈ ಕಿತ್ತುಕೊಂಡು ಹೋಗೋ ಹಾಗೆ ಬಂತು. ಲಾಡ್ಜಿನವರ ಬಿಳಿ ಹೊದಿಕೆ ಅಷ್ಟೂ ಕೆಂಪು. ಚೆಲ್ಲೋಕೆ ಮನಸ್ಸು ಬರಲಿಲ್ಲ, ನೆಲ ಒರೆಸೋಕಾಗುತ್ತೆ ಅಂತ ಹಿಡಿದಿಟ್ಟೆ."

ಮೊನ್ನೆ ಬೆಳಗ್ಗೆ. ಜಲಮಂಡಳಿಯ ಸದಸ್ಯರೆಲ್ಲ ಹೊಸ ಸರಬರಾಜು ನೋಡಲು ಏರುಬೀದಿಗೆ ಹೋಗಿ, ಒಣನಲ್ಲಿಯ ಮುಂದೆ ಮಿಕಿಮಿಕಿ ನೋಡುತ್ತ ನಿಂತ ಹೊತ್ತು.

"ಇಷ್ಟು ಕೆಂಪು ನೀರು ಬಂದ್ರೂ ಮಂಡಳಿಗೆ ಒಂದು ಮಾತು ಹೇಳಲಿಲ್ವಾ?"

"ಹೇಳಿದ್ರೆ? 'ಓಹೋ, ನಿಮಗೆ ಜಾಸ್ತಿ ಬಂತಾ' ಅಂತ ಇನ್ನೊಂದು ಸುತ್ತು ಬಿಗಿ ಮಾಡ್ತಾರೆ. ಏರುಬೀದಿಯವರಿಗೆ ನೀರು ಹತ್ತಿಸೋಕೆ ಅಂತ ನಮ್ಮ ಪೈಪಿನ ಕತ್ತು ಹಿಸುಕಿದಾರಲ್ಲ, ಸಾಲದಾ? ಅವರ ಬಾಲ್ಕನಿ ನೋಡಿದೀರಾ? ನಮ್ಮ ನೀರು ಕುಡಿದು ನಮಗೇ ಹೂ ತೋರಿಸ್ತವೆ ಆ ಗಿಡಗಳು!"

ಹೀಗೆ ಸಿಡುಕುತ್ತಲೇ ಆಕೆ ಒಂದು ಸ್ಟೂಲು ಎಳೆದು, ಸೆರಗಿನಿಂದ ಒರೆಸಿ, ರುಚಿಯಮ್ಮನ ಕಡೆ ತಳ್ಳಿದಳು. ರುಚಿಯಮ್ಮನ ಮೊಣಕಾಲು ನೋಯುತ್ತದೆಂದು ಯಾರೂ ಆಕೆಗೆ ಹೇಳಿರಲಿಲ್ಲ.

ಬಾಗಿಲ ಪಕ್ಕದಲ್ಲಿ ಬಟ್ಟೆ ಕಟ್ಟಿ ಮುಚ್ಚಿಟ್ಟ ಒಂದು ಕೊಡ ಇತ್ತು. "ಅದು ಯಾರದು?"

"ಏರುಬೀದಿ ಅಜ್ಜಿದು. ಮೊನ್ನೆ ನೀರಿಲ್ಲ ಅಂತ ಅಷ್ಟೂ ಮೆಟ್ಟಿಲು ಇಳಿದು ಬಂದಿದ್ರು. ಅವತ್ತಿಂದ ತುಂಬಿಡ್ತೀನಿ." ಆಕೆ ಮುಖ ತಿರುಗಿಸಿದಳು. "ಸಿಟ್ಟು ಆ ಬೀದಿ ಮೇಲೆ. ಅಜ್ಜಿ ಮೇಲೇನಿಲ್ಲ."

ರುಚಿಯಮ್ಮ ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಂಡರು. ಮಂಡಳಿಯ ನೀರು ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೂದಲು ಬೆಳ್ಳಗಾಗುವ ತನಕ ದುಡಿದವರು. ಗಾಜಿನ ಕೊಳವೆಗೆ ಸುರಿಯುವ ಮೊದಲು ಪ್ರತಿ ನೀರನ್ನೂ ಹೀಗೆ ಮುಟ್ಟಿಸಿಕೊಂಡು ನೋಡುತ್ತಿದ್ದುದರಿಂದಲೇ ಆ ಹೆಸರು ಬಂದದ್ದು. ನಿವೃತ್ತಿಯಾದ ಮೇಲೂ ಬಿಟ್ಟಿಲ್ಲ.

ಪೈಪಿನ ತಳದಲ್ಲಿ ವರ್ಷಗಟ್ಟಲೆ ಕೂತ ತುಕ್ಕು ತಾನಾಗಿ ಏಳುವುದಿಲ್ಲ. ಒಮ್ಮೆಗೇ ನೀರು ನುಗ್ಗಿದರೆ ಮಾತ್ರ ಕದಡುತ್ತದೆ.

ಎಲ್ಲರೂ ಏರುಬೀದಿಯ ನೀರನ್ನು ಯಾರೋ ಮುಚ್ಚಿದರು ಎಂದುಕೊಂಡಿದ್ದರು. ಯಾರೂ ಏನನ್ನೂ ಮುಚ್ಚಿರಲಿಲ್ಲ. ತಗ್ಗುಬೀದಿಯ ವಾಲ್ವನ್ನು ಯಾರೋ ಪೂರ್ತಿ ತೆರೆದಿದ್ದರು. ನೀರಿಗೆ ಇಳಿಜಾರು ಸಿಕ್ಕರೆ ಅದೇಕೆ ಏರು ಹತ್ತೀತು?

*

"ಮಧ್ಯಾಹ್ನ ಠರಾವು ಓದ್ತೀವಿ, ಕೈ ಎತ್ತುತೀವಿ, ಆ ಉಪ ಎಂಜಿನಿಯರ್ ಭೂಪಟನನ್ನ ಮನೆಗೆ ಕಳಿಸ್ತೀವಿ. ಮುಗೀತು."

ಮಂಡಳಿಯ ಅಧ್ಯಕ್ಷರು ಬಟ್ಟೆ ಅಂಗಡಿ ಇಟ್ಟವರು. ಯಾವ ಸಂಗತಿಯನ್ನಾದರೂ ಅಳೆದು, ಕತ್ತರಿಸಿ, ಕಾಗದದಲ್ಲಿ ಸುತ್ತಿ ಕೊಟ್ಟುಬಿಡಬೇಕು ಅವರಿಗೆ. ಪೊಲೀಸರು ಬೇಡ, ಪತ್ರಿಕೆಯವರು ಬೇಡ ಎಂದು ರುಚಿಯಮ್ಮನನ್ನು ಕರೆಸಿದ್ದವರೂ ಅವರೇ. ಈಗ ಕರೆಸಿದ್ದಕ್ಕೆ ಬೇಸರಪಟ್ಟವರಂತೆ ಗಡಿಯಾರ ನೋಡುತ್ತಿದ್ದರು.

"ಅವರ ಮಾತು ಕೇಳದೆ ಕೈ ಎತ್ತೋದಾ ಸರ್?" ಎಂದರು ಮುಖ್ಯ ಎಂಜಿನಿಯರ್. ಆಫೀಸಿನಲ್ಲಿ ಎಲ್ಲರಿಗೂ ಅವರು ಮೇಡಂ. ಏರುಬೀದಿಗೆ ನೀರು ಹತ್ತಿಸುವ ಯೋಜನೆ ಅವರದ್ದೇ. ತಗ್ಗುಬೀದಿಯ ವಾಲ್ವನ್ನು ಅರ್ಧ ಬಿಗಿದು, ಆ ಒತ್ತಡದಲ್ಲಿ ನೀರನ್ನು ಮೇಲೆ ತಳ್ಳುವ ಲೆಕ್ಕ. ಮೊನ್ನೆ ಒಣನಲ್ಲಿಯ ಮುಂದೆ ತಲೆ ತಗ್ಗಿಸಿ ನಿಂತವರೂ ಅವರೇ.

"ನಿಮಗೆ ಅವಮಾನ ಆಗಿದ್ದು ತಾಯಿ, ನೀವೇ ಅವನ ಪರ ಮಾತಾಡ್ತೀರಲ್ಲ!"

"ಅವಮಾನ ನನ್ನದು. ಕೆಲಸ ಹೋಗೋದು ಅವರದು. ಮಂಡಳಿ ಇರೋದು ನಾವು ಮಾಡಿದ್ದಕ್ಕೆ ಕಾರಣ ಕೇಳೋಕೆ. ಮೊದಲು ಕೇಳಿ, ಆಮೇಲೆ ಬೇಕಾದ್ರೆ ಎರಡೂ ಕೈ ಎತ್ತಿ."

ಅಧ್ಯಕ್ಷರು ರುಚಿಯಮ್ಮನ ಕಡೆ ತಿರುಗಿದರು. "ನೋಡಿ, ಲೆಕ್ಕ ಸರಳ. ಮೇಡಂ ಕುರ್ಚಿ ತನಗೆ ಬರಬೇಕಿತ್ತು ಅಂತ ಆ ಮನುಷ್ಯ ಊರಿಗೆಲ್ಲ ಹೇಳ್ಕೊಂಡು ತಿರುಗಿದ. 'ಏರುಬೀದಿಗೆ ನೀರು ಹತ್ತಿದ್ರೆ ಮೀಸೆ ಬೋಳಿಸ್ತೀನಿ' ಅಂತ ಸಭೆಯಲ್ಲೇ ಪಂಥ ಕಟ್ಟಿದ. ಪರೀಕ್ಷೆಗೆ ಅಂತ ಬಿಟ್ಟ ದಿನ ನೀರು ಹತ್ತಿತು, ಮಾರನೇ ದಿನ ಬೋಳು ಮುಖ ಹೊತ್ಕೊಂಡು ಬಂದ. ಜವಾನನಿಂದ ಹಿಡಿದು ಎಲ್ಲರೂ ನಕ್ಕರು. ಆ ಉರಿ ಸಾಲದಾ? ಅದೂ ಅಲ್ಲದೆ ಮೊನ್ನೆ ನಾವೆಲ್ಲ ಕಕ್ಕಾಬಿಕ್ಕಿ ನಿಂತಿದ್ರೆ, ಅವನೊಬ್ಬನೇ ನೆಟ್ಟಗೆ ವಾಲ್ವ್ ಗುಂಡಿಗೆ ಹೋಗಿ ಏನೋ ಮಾಡಿ, ಮಧ್ಯಾಹ್ನದೊಳಗೆ ನೀರು ಬರೋ ಹಾಗೆ ಮಾಡಿದ. ಬಚ್ಚಿಟ್ಟವನಿಗೆ ತಾನೇ ಎಲ್ಲಿದೆ ಅಂತ ಗೊತ್ತಿರೋದು?"

"ಅಥವಾ ಪೈಪು ಎಲ್ಲಿದೆ ಅಂತ ಗೊತ್ತಿದ್ದವನಿಗೆ," ಎಂದರು ರುಚಿಯಮ್ಮ ಮೆಲ್ಲಗೆ.

ಅಧ್ಯಕ್ಷರು ಎದ್ದು ಹೋದರು. ಮೇಡಂ ಕಿಟಕಿಯ ಬಳಿ ನಿಂತೇ ಇದ್ದರು. ಮುಖದಲ್ಲಿ ನಿದ್ದೆಗೆಟ್ಟ ಗುರುತು.

"ಮನೇಲಾದ್ರೂ ಹೇಳ್ಕೊಂಡು ಹಗುರ ಮಾಡ್ಕೊಳ್ಳಮ್ಮ. ನಿಮ್ಮ ಯಜಮಾನರೂ ಇದೇ ಇಲಾಖೆಯವರಲ್ವಾ?"

"ಆಗಿದ್ರು." ಮೇಡಂ ಪರದೆಯ ದಾರವನ್ನು ಬೆರಳಿಗೆ ಸುತ್ತಿಕೊಂಡರು. "ಗಂಡ ಹೆಂಡತಿ ಒಬ್ಬರ ಕೈಕೆಳಗೆ ಇನ್ನೊಬ್ಬರು ಇರಬಾರದು ಅಂತ ಮಂಡಳಿ ನಿಯಮ. ನನಗೆ ಈ ಕುರ್ಚಿ ಬಂದಾಗ ಅವರೇ ಬಿಟ್ರು. 'ನೀನು ಹೋಗು' ಅಂದ್ರು. ನಗ್ತಾನೇ ಅಂದ್ರು. ಆಮೇಲೆ ನಾನು ಆಫೀಸಿನ ಒಂದು ಮಾತು ಎತ್ತಿದ್ರೂ ತಟ್ಟೆ ಬಿಟ್ಟು ಏಳೋರು. ಅದಕ್ಕೇ ಈಗ ಆಫೀಸಿನ ಮಾತನ್ನ ಚಪ್ಪಲಿ ಜೊತೆ ಹೊರಗೇ ಬಿಟ್ಟು ಹೋಗ್ತೀನಿ. ಉಪ್ಪು ಸಾಕಾ, ಖಾರ ಆಯ್ತಾ, ಅಷ್ಟೇ ನಮ್ಮ ಮಾತು."

"ಮಧ್ಯಾಹ್ನದ ಊಟ?"

"ದಿನಾ ಅವರೇ ತರ್ತಾರೆ. ಒಂದು ದಿನ ತಪ್ಪಿಸಿಲ್ಲ." ಮೇಡಂ ಕಣ್ಣು ಒರೆಸಿಕೊಂಡು ನಕ್ಕರು. "ಇಲ್ಲಿ ಅವರಿಗೆ ಏನಂತ ಹೆಸರಿಟ್ಟಿದಾರೆ ಗೊತ್ತಾ? ಡಬ್ಬಿ ಸಾರ್ ಅಂತ. ನನಗೆ ಕೇಳಿಸಿಲ್ಲ ಅಂದ್ಕೊಂಡಿದಾರೆ."

*

ವಾಲ್ವ್ ತಿರುಗಿಸುವ ಕೀಲಿ ಆಳೆತ್ತರದ ಕಬ್ಬಿಣದ ಸಲಾಕೆ. ಮೇಲೆ ಹಿಡಿಯಲು ಅಡ್ಡಪಟ್ಟಿ. ಆಫೀಸಿನ ಹಿಂದಿನ ಪಂಪ್‌ಹೌಸಿನ ಬಾಗಿಲ ಬಳಿ ಗೋಡೆಗೆ ಆನಿಸಿಟ್ಟಿರುತ್ತಾರೆ.

"ಮೊನ್ನೆಯ ಹಿಂದಿನ ದಿನ ಇದನ್ನ ಯಾರಾದ್ರೂ ಹೊರಗಿನವರು ಮುಟ್ಟಿದ್ರಾ?"

"ಹೊರಗಿನವರು ಈ ಹೊಸ್ತಿಲು ದಾಟಿದ್ರೆ ನನ್ನ ಹೆಸರು ಬದಲಾಯಿಸಿ ಅಮ್ಮ," ಎಂದ ಕಾವಲುಗಾರ. ಅವನ ಸ್ಟೂಲಿನ ಕೆಳಗೆ ತೊಳೆದು ಬೋರಲು ಹಾಕಿದ ಒಂದು ಪುಟ್ಟ ಸ್ಟೀಲು ಬಟ್ಟಲಿತ್ತು. ಯಾರೋ ಅವನಿಗೂ ಒಂದಿಷ್ಟು ತಂದುಕೊಡುವವರಿದ್ದರು. ಒಳ್ಳೆಯ ಅಭ್ಯಾಸ ಎಂದುಕೊಂಡು ರುಚಿಯಮ್ಮ ಮುಂದೆ ಹೋದರು.

ಬೀದಿ ಕವಲೊಡೆಯುವಲ್ಲಿ, ಸೈಕಲ್ ರಿಪೇರಿ ಅಂಗಡಿಯ ಎದುರು, ವಾಲ್ವ್ ಗುಂಡಿಯ ಚಪ್ಪಡಿಯ ಮೇಲೆ ಉಪ ಎಂಜಿನಿಯರ್ ಕೂತಿದ್ದರು. ಊರಿನ ಪ್ರತಿ ಪೈಪೂ ತಲೆಯೊಳಗೇ ಇರುವುದರಿಂದ ಭೂಪಟ ಎಂದು ಹೆಸರು. ಮೂಗಿನ ಕೆಳಗೆ ಮೀಸೆ ಈಗಷ್ಟೇ ಮುಳ್ಳುಮುಳ್ಳಾಗಿ ಮತ್ತೆ ಮೂಡುತ್ತಿತ್ತು.

"ಬನ್ನಿ ಅಕ್ಕ. ಬೇಡಿ ತಂದಿದೀರಾ?"

"ನಿಮ್ಮ ಕೈ ಅಳತೆದು ಸಿಗಲಿಲ್ಲ."

"ಅಧ್ಯಕ್ಷರ ಅಂಗಡೀಲಿ ಕೇಳಬೇಕಿತ್ತು. ಎಲ್ಲಾ ಅಳತೆದೂ ಇಟ್ಟಿರ್ತಾರೆ." ಅವರು ಸರಿದು ಜಾಗ ಮಾಡಿಕೊಟ್ಟರು, ಕೆಳಗೆ ತಮ್ಮ ಕರವಸ್ತ್ರ ಹಾಸಿ.

ರುಚಿಯಮ್ಮ ಕೂತು, ಸುತ್ತುಬಳಸದೆ ಕೇಳಿದರು. "ಮೇಡಂ ಮೇಲೆ ನಿಮಗೆ ಹೊಟ್ಟೆಕಿಚ್ಚಾ?"

"ಇದೆ."

"ಇಷ್ಟು ಸಲೀಸಾಗಿ ಒಪ್ಕೊಂಡ್ರೆ ಹೇಗೆ? ನಾನು ಒಂದಿಷ್ಟು ಕಷ್ಟಪಡಬೇಕಲ್ವಾ?"

"ಮುಚ್ಚಿಡೋಕೆ ಅದೇನು ಸಣ್ಣದಾ? ಬೆಳಗ್ಗೆ ಹಲ್ಲುಜ್ಜೋಕೆ ಮೊದಲೇ ಶುರುವಾಗುತ್ತೆ. ನಾನು ಕೆಲಸಕ್ಕೆ ಸೇರಿದಾಗ ಆಕೆ ಚೀಲ ಹಾಕ್ಕೊಂಡು ಸ್ಕೂಲಿಗೆ ಹೋಗ್ತಿದ್ಲು. ನನ್ನ ಹತ್ರಾನೇ ಕಲಿತು ಈಗ ನನಗೇ ಆರ್ಡರ್ ಕೊಡ್ತಾಳೆ. ಅದೂ ಎಷ್ಟು ಚೆನ್ನಾಗಿ ಕೊಡ್ತಾಳೆ ಗೊತ್ತಾ? ಒಂದಾದ್ರೂ ತಪ್ಪು ಆರ್ಡರ್ ಕೊಟ್ಟಿದ್ರೆ ನಾನು ಸುಖವಾಗಿ ನಿದ್ದೆ ಮಾಡ್ತಿದ್ದೆ."

"ಅದಕ್ಕೇ ತಗ್ಗುಬೀದಿ ವಾಲ್ವ್ ಪೂರ್ತಿ ತೆರೆದ್ರಾ?"

ಭೂಪಟರ ನಗು ನಿಂತಿತು. ಕವಲಿನಲ್ಲಿ ಒಂದು ಸೈಕಲ್ಲು ಗಂಟೆ ಬಾರಿಸುತ್ತ ಹೋಯಿತು.

"ತೆರೆದಿತ್ತು ಅಂತ ನಿಮಗೆ ಯಾರು ಹೇಳಿದ್ರು? ನಾನು ಯಾರಿಗೂ ಹೇಳಿಲ್ಲ."

"ಒಂದು ಪೀಪಾಯಿ ಹೇಳ್ತು. ಕೆಂಪು ನೀರು." ರುಚಿಯಮ್ಮ ಸ್ವರ ತಗ್ಗಿಸಿದರು. "ಮೊನ್ನೆ ನೀವು ಇಲ್ಲಿಗೆ ಬಂದು ಅದನ್ನ ಮತ್ತೆ ಅರ್ಧಕ್ಕೆ ತಂದ್ರಿ. ಏರುಬೀದಿಗೆ ನೀರು ಹತ್ತಿತು. ಅಷ್ಟು ಮಾಡಿ ಬಾಯಿ ಮುಚ್ಕೊಂಡು ಯಾಕೆ ಕೂತ್ರಿ? ಪಿಂಚಣಿ ಬಾಗಿಲಲ್ಲಿ ನಿಂತವರು ನೀವು. ಇವತ್ತು ಅವರು ಕೈ ಎತ್ತಿದ್ರೆ ಅದೂ ಹೋಗುತ್ತೆ."

"ಪಿಂಚಣಿ ಹೋದ್ರೆ ಮಗಳ ಮನೇಲಿ ಒಂದು ಮೂಲೆ ಸಿಗುತ್ತೆ. ಜನರ ನೀರು ಕಟ್ಟಿದವನು ಅಂತ ಹೆಸರು ಬಂದ್ರೆ ಎಲ್ಲಿ ಮೂಲೆ ಹುಡುಕ್ಲಿ?" ಅವರು ಚಪ್ಪಡಿಯನ್ನು ಅಂಗೈಯಿಂದ ಸವರಿದರು, ದನದ ಬೆನ್ನು ಸವರುವಂತೆ. "ಅಕ್ಕ, ನೀವು ಮನೆ ನಲ್ಲಿನ ಪೂರ್ತಿ ತೆರೆದಾಗ ಕೊನೇಲಿ ಬಿಗಿ ಮಾಡ್ತೀರಾ?"

"ಇಲ್ಲ. ಯಾಕೆ ಬಿಗಿ ಮಾಡ್ಲಿ? ಮುಚ್ಚುವಾಗ ಬಿಗಿ ಮಾಡ್ತೀನಿ, ಸೋರಬಾರದು ಅಂತ."

"ನಾವೂ ಅಷ್ಟೇ. ತೆರೆಯೋವಾಗ ಕೊನೇಲಿ ಸ್ವಲ್ಪ ಹಿಂದಕ್ಕೆ ಬಿಡ್ತೀವಿ, ಇಲ್ಲಾಂದ್ರೆ ಸಿಕ್ಕಿಹಾಕ್ಕೊಳ್ಳುತ್ತೆ. ಮೊನ್ನೆ ನಾನು ಬಂದಾಗ ಇದು ತೆರೆದ ಕಡೆ ಹೋಗಿ ಕಲ್ಲಿನ ಹಾಗೆ ಬಿಗಿದು ಕೂತಿತ್ತು. ಯಾರೋ ಮೈಭಾರ ಎಲ್ಲ ಹಾಕಿ ಬಿಗಿದಿದ್ರು. ಸೈಕಲ್ ಅಂಗಡಿಯವನ್ನ ಕರೆದು ಇಬ್ಬರೂ ಸೇರಿ ಬಿಡಿಸಿದ್ದು."

"ಅಂದ್ರೆ... ಆ ಮನುಷ್ಯ ಮುಚ್ತಾ ಇದೀನಿ ಅಂದ್ಕೊಂಡು ತೆರೆದ?"

"ಎಡಕ್ಕೆ ತಿರುಗಿಸಿದ. ಊರಲ್ಲಿರೋ ಪ್ರತಿ ವಾಲ್ವೂ ಬಲಕ್ಕೆ ತಿರುಗಿಸಿದ್ರೆ ಮುಚ್ಚುತ್ತೆ. ಮೊದಲು ಇಲ್ಲಿದ್ದ ಹಳೇದೊಂದು ಮಾತ್ರ ಉಲ್ಟಾ. ಯಾವ ಕಾಲದ್ದೋ, ಯಾರು ತಂದು ಕೂರಿಸಿದ್ರೋ. ಎಡಕ್ಕೆ ತಿರುಗಿಸಿದ್ರೆ ಮುಚ್ಚೋದು. ಹೊಸಬರು ಬಂದ್ರೆ ನಾವು ಅದನ್ನೇ ಕೊಟ್ಟು ತಮಾಷೆ ನೋಡ್ತಿದ್ವಿ."

"ಅದು ಈಗ ಇಲ್ವಾ?"

"ಉಗ್ರಾಣದ ಬಾಗಿಲು ಗಾಳಿಗೆ ಬಡೀದಂಗೆ ಅಡ್ಡ ಇಟ್ಟಿದೀವಿ. ಮೇಡಂ ಕುರ್ಚಿಗೆ ಬಂದು ಮಾಡಿಸಿದ ಮೊದಲನೇ ಕೆಲಸವೇ ಅದನ್ನ ಕೀಳಿಸಿದ್ದು."

"ತಿರುಗಿಸುವಾಗ ಗೊತ್ತಾಗಲ್ವಾ, ತಪ್ಪು ಕಡೆ ಹೋಗ್ತಿದೆ ಅಂತ? ನೀರಿನ ಸದ್ದು?"

"ಹಿಂದಿನ ಸಂಜೆ ಮಾಡಿದಾರೆ. ನೀರು ಬಿಡದ ಹೊತ್ತು, ಪೈಪು ಖಾಲಿ. ವಾಲ್ವ್ ಅರ್ಧದಲ್ಲಿತ್ತು, ಎರಡು ಕಡೆಗೂ ಅಷ್ಟಷ್ಟೇ ಸುತ್ತು. ಕಣ್ಣಿದ್ದೂ ಕುರುಡು."

ರುಚಿಯಮ್ಮನ ಮನಸ್ಸಿನಲ್ಲಿ ಒಂದೊಂದೇ ತುಣುಕು ಜಾಗಕ್ಕೆ ಬಂದು ಕೂತಿತು. ತಗ್ಗುಬೀದಿ ಪೂರ್ತಿ ಮುಚ್ಚಿದ್ದರೆ ಆ ಬೆಳಗ್ಗೆ ಅಷ್ಟೂ ನೀರು ಏರುಬೀದಿಗೇ ಹತ್ತುತ್ತಿತ್ತು. ಮಂಡಳಿಯವರ ಮುಂದೆ ನಲ್ಲಿ ಚಿಮ್ಮುತ್ತಿತ್ತು.

"ಹಾಗಾದ್ರೆ ಆ ಕೈ ಮೇಡಂಗೆ ಒಳ್ಳೇದು ಮಾಡೋಕೆ ಹೊರಟಿತ್ತು."

"ನನ್ನ ಗ್ರಹಚಾರ ನೋಡಿ. ಕೇಡು ಮಾಡೋ ಹೊಟ್ಟೆಕಿಚ್ಚು ನಂದು, ಕೇಡು ಆಗಿದ್ದು ಯಾರದೋ ಒಳ್ಳೇತನದಿಂದ."

"ಆ ಕೈಗೆ ಹಳೇ ವಾಲ್ವ್ ಚೆನ್ನಾಗಿ ಗೊತ್ತು. ಹೊಸದು ಬಂದಿದ್ದು ಗೊತ್ತಿಲ್ಲ. ಹಾಗಂದ್ರೆ ಮೇಡಂ ಕುರ್ಚಿಗೆ ಬರೋಕೆ ಮೊದಲೇ ಕೆಲಸ ಬಿಟ್ಟವರು." ರುಚಿಯಮ್ಮ ಅವರ ಮುಖವನ್ನೇ ನೋಡಿದರು. "ಯಾರು, ಹೇಳಿ."

ಭೂಪಟರು ಸೈಕಲ್ ಅಂಗಡಿಯಲ್ಲಿ ನೇತುಹಾಕಿದ್ದ ಟಯರುಗಳನ್ನು ನೋಡುತ್ತ ಕೂತರು.

"ಮೊನ್ನೆ ವಾಲ್ವ್ ಕಂಡಾಗಲೇ ನಿಮಗೆ ಗೊತ್ತಾಗಿದೆ. ಹೇಳಿ. ಮಧ್ಯಾಹ್ನ ನಿಮ್ಮ ಕುತ್ತಿಗೆಗೆ ಬರ್ತಿದೆ."

"ನನ್ನ ಬಾಯಿಂದ ಒಂದು ಹೆಸರು ಬಂದ್ರೆ ಅದು ಹೆಸರಾಗಿ ಉಳಿಯಲ್ಲ ಅಕ್ಕ, ಹೊಟ್ಟೆಕಿಚ್ಚಾಗುತ್ತೆ. 'ಕುರ್ಚಿ ಸಿಗದೆ ಈಗ ಆಕೆ ಮನೆಗೇ ಬೆಂಕಿ ಹಚ್ಚೋಕೆ ಬಂದ' ಅಂತಾರೆ. ನಿಜ ಹೇಳೋ ಯೋಗ್ಯತೇನ ನಾನು ಮೀಸೆ ಜೊತೆಗೇ ಬೋಳಿಸ್ಕೊಂಡೆ." ಅವರು ಎದ್ದು ಪ್ಯಾಂಟಿನ ಧೂಳು ಕೊಡವಿದರು. "ಹೊತ್ತಾಯ್ತು. ಸಭೆಗೆ ಹೋಗೋಣ."

'ಆಕೆ ಮನೆಗೇ' ಎಂದಿದ್ದರು. ಅಂದದ್ದು ಅವರಿಗೆ ಅರಿವಾಗಿತ್ತೋ ಇಲ್ಲವೋ. ಕರವಸ್ತ್ರವನ್ನು ಚಪ್ಪಡಿಯ ಮೇಲೇ ಮರೆತು ಹೊರಟಿದ್ದರು. ರುಚಿಯಮ್ಮ ಅದನ್ನು ಕೊಡವಿ ಮಡಿಸಿಕೊಂಡು ಹಿಂದೆ ನಡೆದರು. ಕಾವಲುಗಾರನ ಸ್ಟೂಲಿನ ಕೆಳಗಿನ ಸ್ಟೀಲು ಬಟ್ಟಲು ಕಣ್ಣಮುಂದೆ ಬಂತು. ದಿನಾ ಒಂದಿಷ್ಟು ತಂದುಕೊಡುವವರನ್ನು ಯಾವ ಕಾವಲುಗಾರ ಹೊರಗಿನವರೆನ್ನುತ್ತಾನೆ?

*

ಸಭಾಕೋಣೆಯ ಹೊರಗಿನ ಪಡಸಾಲೆಯಲ್ಲಿ ಉದ್ದನೆಯ ಬೆಂಚು. ಬಾಗಿಲಿಗೆ ಹತ್ತಿರದ ತುದಿಯಲ್ಲಿ ಭೂಪಟರು ಕೈಕಟ್ಟಿ ಕೂತಿದ್ದರು. ರುಚಿಯಮ್ಮ ಈ ತುದಿಯಲ್ಲಿ. ಒಳಗೆ ಕುರ್ಚಿಗಳು ಸರಿದಾಡುವ ಸದ್ದು.

ಮೆಟ್ಟಿಲಲ್ಲಿ ಹೆಜ್ಜೆ ಕೇಳಿಸಿತು. ಇಸ್ತ್ರಿ ಮಾಡಿದ ಅಂಗಿ, ನೀಟಾಗಿ ಬಾಚಿದ ತಲೆ, ಕೈಯಲ್ಲಿ ನಾಲ್ಕಂತಸ್ತಿನ ಊಟದ ಡಬ್ಬಿ. ಮೇಡಂ ಯಜಮಾನರು. ಭೂಪಟರನ್ನು ಕಂಡೊಡನೆ ಅವರ ದವಡೆ ಬಿಗಿಯಿತು. ದಾಟಿ ಬಂದು ರುಚಿಯಮ್ಮನ ಪಕ್ಕ ಕೂತರು.

"ಸಭೆ ಶುರುವಾಯ್ತಾ?"

"ಇನ್ನೇನು. ಇವತ್ತು ಏನು ಬಿಸಿಬಿಸಿ?"

"ಅವಳಿಗೆ ಇಷ್ಟವಾಗಿದ್ದೇ. ಮೊನ್ನೆಯಿಂದ ಸರಿಯಾಗಿ ತಿಂದಿಲ್ಲ." ಅವರು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡರು. ಕಣ್ಣು ಮತ್ತೆ ಬೆಂಚಿನ ಆ ತುದಿಗೆ ಹೋಯಿತು. "ಕೂತಿರೋದು ನೋಡಿ, ಏನೂ ಗೊತ್ತಿಲ್ಲದ ಹಾಗೆ. ಒಂದು ಕಾಲದಲ್ಲಿ ಆ ಕಿಟಕಿ ಪಕ್ಕ ನನ್ನ ಮೇಜಿತ್ತು. ನಾನೂ ಅವರೂ ಎದುರುಬದುರು. ಈಗ ಮನೇಲಿ ಅವಳ ಫೋನು ಬಡ್ಕೊಂಡ್ರೆ ಅವರದ್ದೇ. ಬಾಗಿಲು ಹಾಕ್ಕೊಂಡು ಮಾತಾಡ್ತಾಳೆ. 'ಭೂಪಟ ಸಾರ್, ನೀವೇನಂತೀರಿ?' ಅಂತ ಬಾಗಿಲಾಚೆಯಿಂದ ಕೇಳಿಸುತ್ತೆ. ನನ್ನನ್ನ ಕೇಳೋದು ಉಪ್ಪು ಎಲ್ಲಿ ಅಂತ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಗೋಡೆಯ ಈಚೆ ನಿಂತವರ ದನಿ ಅದು. ರುಚಿಯಮ್ಮನಿಗೆ ಆ ತುಕ್ಕಿನ ವಾಸನೆ ಮತ್ತೆ ಬಂದಂತಾಯಿತು.

ಅವರು ಸುಮ್ಮನಿದ್ದುಬಿಡಬಹುದಿತ್ತು. ಬಾಗಿಲ ಬಳಿ ಕೂತ ಬೋಳುಮೀಸೆಯ ಮನುಷ್ಯನನ್ನು ನೋಡಿದರು. ಸುಮ್ಮನಿರಲಾಗಲಿಲ್ಲ.

"ನಿಮ್ಮನ್ನೇ ಒಂದು ಕೇಳಬೇಕಿತ್ತಪ್ಪ. ಕವಲಿನ ಹತ್ರ ಒಂದು ಹಟಮಾರಿ ವಾಲ್ವ್ ಇದೆಯಂತಲ್ಲ, ಅದು ಯಾವ ಕಡೆ ಮುಚ್ಚುತ್ತೆ?"

ಆ ಮುಖ ಅರಳಿತು. ಎಷ್ಟು ದಿನದಿಂದ ಆತನನ್ನು ಯಾರೂ ಇಂಥದ್ದೊಂದು ಮಾತು ಕೇಳಿರಲಿಲ್ಲವೋ!

"ಎಡಕ್ಕೆ!" ಬಲಗೈ ಗಾಳಿಯಲ್ಲಿ ಕೀಲಿ ಹಿಡಿದು, ತಾನಾಗಿಯೇ ಎಡಕ್ಕೆ ತಿರುಗಿತು. "ಊರಲ್ಲಿ ಅದೊಂದೇ. ಎಲ್ಲರೂ ಬಲಕ್ಕೆ ತಿರುಗಿಸಿ ಸೋಲ್ತಾರೆ. ಈಗ ಬೇಕಾದ್ರೂ ಹೋಗಿ ನೋಡಿ, ಎಡಕ್ಕೇ."

"ಅದನ್ನ ಕಿತ್ತು ಹಾಕಿ ಬಹಳ ದಿನ ಆಯ್ತಪ್ಪ."

ಗಾಳಿಯಲ್ಲಿದ್ದ ಕೈ ಅಲ್ಲೇ ನಿಂತಿತು.

"ನಿಮ್ಮ ಮನೆಯವರು ಕುರ್ಚಿಗೆ ಬಂದು ಮಾಡಿಸಿದ ಮೊದಲನೇ ಕೆಲಸ. ಈಗಿರೋದು ಎಲ್ಲದರ ಹಾಗೆ ಬಲಕ್ಕೆ ಮುಚ್ಚುತ್ತೆ. ಎಡಕ್ಕೆ ಬಿಗಿದ್ರೆ ತೆರೆದ್ಕೊಳ್ಳುತ್ತೆ."

ಒಳಗೆ ಯಾರೋ ಕೆಮ್ಮಿದರು. ಹಿಂದಿನ ಠರಾವು ಓದುವ ದನಿ ಕೇಳಿಸತೊಡಗಿತು.

"ಅವಳು ನನಗೆ ಹೇಳಲೇ ಇಲ್ಲ."

"ನೀವು ಕೇಳಿಸ್ಕೊಳ್ಳೋ ಹಾಗಿದ್ರಾ?"

ಅವರು ತಮ್ಮ ಅಂಗೈಯನ್ನು ನೋಡಿಕೊಂಡರು, ಅದು ಬೇರೆ ಯಾರದೋ ಎಂಬಂತೆ. "ನಾನು ಮುಚ್ಚಿ ಬಂದಿದ್ದೆ. ಒಂದು ಬೆಳಗ್ಗೆ ಮಟ್ಟಿಗೆ. ಮಂಡಳಿಯವರ ಮುಂದೆ ನೀರು ಚಿಮ್ಮಲಿ ಅಂತ. ಅವಳಿಗೂ ಹೇಳಬಾರದು ಅಂತಲೇ ಇದ್ದೆ. ಸಂಜೆ ಬಂದು 'ಹತ್ತಿತು' ಅಂದಾಗ, ಹತ್ತಿಸಿದ್ದು ಭೂಪಟ ಅಲ್ಲ ನಾನು ಅಂತ ನನ್ನೊಬ್ಬನಿಗಾದ್ರೂ ಗೊತ್ತಿರಬೇಕಿತ್ತು. ಅಷ್ಟೇ." ಅವರು ಡಬ್ಬಿಯನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿದರು. "ನೀರು ಬರಲಿಲ್ಲ ಅಂತ ಕೇಳಿದಾಗ, ನಾನು ಮುಚ್ಚಿ ಬಂದ ಮೇಲೆ ಭೂಪಟ ಹೋಗಿ ತೆರೆದಿದಾರೆ ಅಂದ್ಕೊಂಡೆ. ಸತ್ಯವಾಗಿ ಅಂದ್ಕೊಂಡೆ. ಇವತ್ತು ಕೆಲಸ ಹೋಗುತ್ತೆ ಅಂತ ಬೆಳಗ್ಗೆ ಒಗ್ಗರಣೆ ಹಾಕ್ತಾ ಹಾಡು ಹೇಳ್ಕೊಂಡೆ ಅಮ್ಮಾ, ಹಾಡು."

ರುಚಿಯಮ್ಮ ಮುಚ್ಚಿದ ಬಾಗಿಲಿನತ್ತ ನೋಡಿದರು. ಇದನ್ನು ಒಳಗೆ ಹೋಗಿ ಹೇಳಿದರೆ ಉಪ ಎಂಜಿನಿಯರ್ ಉಳಿಯುತ್ತಾರೆ. ಮುಖ್ಯ ಎಂಜಿನಿಯರರ ಗಂಡನೇ, ಅಧಿಕಾರವಿಲ್ಲದೆ, ಊರಿನ ನೀರಿಗೆ ಕೈ ಹಾಕಿದ ಎಂದ ಮೇಲೆ ಮೇಡಂ ಆ ಕುರ್ಚಿಯಲ್ಲಿ ಕೂರುವುದು ಹೇಗೆ? ಹೇಳದಿದ್ದರೆ ಕೈಗಳು ಏಳುತ್ತವೆ.

ಬಾಗಿಲು ತೆರೆಯಿತು. ಮೇಡಂ ಹೊಸ್ತಿಲಲ್ಲಿ ನಿಂತಿದ್ದರು.

"ಭೂಪಟ ಸಾರ್, ಕರೀತಿದಾರೆ. ಅಕ್ಕ, ನೀವೂ ಬನ್ನಿ."

ಅವರ ಭುಜದ ಹಿಂದಿನಿಂದ ಅಧ್ಯಕ್ಷರ ದನಿ ಬಂತು. "ರುಚಿಯಮ್ಮನವರೇ, ಯಾರ ಕೈ ಅಂತ ಗೊತ್ತಾಯ್ತೋ ಇಲ್ವೋ? ಒಂದೇ ಮಾತಲ್ಲಿ ಹೇಳಿಬಿಡಿ!"

ಮೇಡಂಗೆ ಆಗ ಗಂಡ ಕಂಡರು. ಬೇಸತ್ತ ಮುಖದಲ್ಲೊಂದು ಸಣ್ಣ ನಗು ಬಂತು. ದಿನದ ರೂಢಿಯಂತೆ ಡಬ್ಬಿಗಾಗಿ ಕೈ ಚಾಚಿದರು.

ಗಂಡ ಎದ್ದು ನಿಂತರು. ಹೆಂಡತಿಯ ಕಡೆ ನೋಡಲಿಲ್ಲ. ಚಾಚಿದ ಆ ಕೈಯನ್ನು ದಾಟಿ, ಬೆಂಚಿನ ಆ ತುದಿಯವರೆಗೆ ನಡೆದು ಹೋದರು. ಒಳಗೆ ಹೋಗಲೆಂದು ಏಳುತ್ತಿದ್ದ ಭೂಪಟರ ಎರಡು ಕೈಗಳಲ್ಲಿ, ಒಂದು ಮಾತೂ ಇಲ್ಲದೆ, ಇನ್ನೂ ಬಿಸಿ ಆರದ ಆ ಊಟದ ಡಬ್ಬಿಯನ್ನು ಇಟ್ಟರು.